ಹಿಂದಿನ ಬ್ರೇಕ್ ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಗಂಗಾವತಿಯ ಓದುಗರೊಬ್ಬರ ಪ್ರಶ್ನೆ:

"ಸರ್, ನನ್ನದು 2011ರ ಸ್ಕೋಡಾ ಲಾರಾ ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬ್ರೇಕ್ ಹಾಕಿದರೆ ಹಿಂದಿನ ಬಲಗಾಲಿಯಿಂದ ಕಿರ್ರ್ ಅಂತ ಶಬ್ದ ಬರ್ತಿತ್ತು, ಈಗ ಗರಗರ ಅಂತಿದೆ. ಪ್ಯಾಡ್ ತರಿಸಿಕೊಂಡು ಮನೆಯಲ್ಲೇ ಹಾಕೋಣ ಅಂತ ಬಿಚ್ಚಿದೆ. ಒಳಗಡೆಯ ಪ್ಯಾಡಿನಲ್ಲಿ ತಗಡು ಮಾತ್ರ ಉಳಿದಿದೆ, ಹೊರಗಡೆಯದು ಇನ್ನೂ ಅರ್ಧ ಇದೆ. ಹೊಸ ಪ್ಯಾಡ್ ಕೂರಬೇಕಂದ್ರೆ ಪಿಸ್ಟನ್ ಒಳಗೆ ಹೋಗಬೇಕಲ್ವಾ, ಅದು ಹೋಗ್ತಿಲ್ಲ. ಸಿ ಕ್ಲಾಂಪ್ ಹಾಕಿ ಬಿಗಿದೆ, ಒಂದಿಷ್ಟೂ ಅಲುಗಲಿಲ್ಲ. ಮುಂದಿನ ಪ್ಯಾಡ್ ಇದೇ ಕ್ಲಾಂಪಿನಲ್ಲಿ ಆರಾಮಾಗಿ ಹಾಕಿದ್ದೆ. ಕ್ಯಾಲಿಪರ್ ಕೆಟ್ಟಿದೆಯಾ? ಬಲಗಡೆ ಮಾತ್ರ ಬದಲಿಸಿದರೆ ನಡೀತದಾ? ಭಾನುವಾರ ರಾಯಚೂರಿಗೆ ಮದುವೆಗೆ ಹೋಗಬೇಕು. ಹಳೇ ಪ್ಯಾಡೇ ಹಾಕ್ಕೊಂಡು ಹೋಗಿ ಬಂದು ಆಮೇಲೆ ನೋಡಬಹುದಾ?"

ಮೊದಲು ಆ ಕ್ಲಾಂಪ್ ತೆಗೆದು ಪಕ್ಕಕ್ಕಿಡಿ. ನಿಮ್ಮ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಎರಡೂ ಕಡೆಯಿಂದ ಡಿಸ್ಕಿಗೆ ಒತ್ತುವ ಭಾಗ, ಬಹುಶಃ ಚೆನ್ನಾಗಿಯೇ ಇದೆ. ಲಾರಾದ ಹಿಂದಿನ ಪಿಸ್ಟನ್ ಬರೀ ಒತ್ತಿದರೆ ಒಳಗೆ ಹೋಗುವುದೇ ಇಲ್ಲ, ಒತ್ತುತ್ತಾ ತಿರುಗಿಸಬೇಕು.

ಯಾಕೆ ಅಂತ ಹೇಳ್ತೀನಿ. ಮುಂದಿನ ಗಾಲಿಯ ಪಿಸ್ಟನ್‌ಗೆ ಇರುವುದು ಒಂದೇ ಕೆಲಸ. ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಅದನ್ನು ಹೊರಗೆ ತಳ್ಳುತ್ತದೆ, ಅಷ್ಟೇ. ಹಾಗಾಗಿ ಕ್ಲಾಂಪ್ ಹಾಕಿ ಒತ್ತಿದರೆ ಸುಮ್ನೆ ಹಿಂದಕ್ಕೆ ಹೋಗುತ್ತದೆ. ಹಿಂದಿನದರ ಹೊಟ್ಟೆಯೊಳಗೆ ಹ್ಯಾಂಡ್ ಬ್ರೇಕ್ ಕೂಡ ಇದೆ. ಒಳಗಡೆ ಒಂದು ಥ್ರೆಡ್ ಇರುವ ಕಡ್ಡಿ, ಅದರ ಮೇಲೊಂದು ನಟ್. ಪ್ಯಾಡ್ ಸವೆದಂತೆ ಆ ನಟ್ ತಾನಾಗಿ ಸುತ್ತಿಕೊಂಡು ಮುಂದೆ ಬರುತ್ತದೆ, ಅದಕ್ಕೇ ಪ್ಯಾಡ್ ತೆಳುವಾದರೂ ಹ್ಯಾಂಡ್ ಬ್ರೇಕ್ ಲಿವರ್ ಮೊದಲಿನಷ್ಟೇ ಎತ್ತರದಲ್ಲಿ ಹಿಡಿಯುತ್ತದೆ. ಈಗ ನೀವು ಹೊರಗಿನಿಂದ ಎಷ್ಟೇ ಒತ್ತಿದರೂ ಆ ಬಲವೆಲ್ಲ ಬೀಳುವುದು ಥ್ರೆಡ್ಡಿನ ಮೇಲೆ. ಕೈಯಲ್ಲಿ ಬಿಗಿದಿದ್ದರೆ ಏನೂ ಆಗಿರಲಿಕ್ಕಿಲ್ಲ. ಕ್ಲಾಂಪಿನ ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿದಿದ್ದರೆ, ಅಥವಾ ಸುತ್ತಿಗೆ ಏಟು ಬಿದ್ದಿದ್ದರೆ, ಆ ಕಡ್ಡಿ, ನಟ್ ಸೇರಿದ ಒಳಗಿನ ಅಡ್ಜಸ್ಟರ್ ಹಾಳಾಗಿರಬಹುದು. ಅದನ್ನು ಪತ್ತೆ ಹಚ್ಚುವ ಬಗೆ ಮುಂದೆ ಬರುತ್ತದೆ.

ಪಿಸ್ಟನ್ ಮುಖ ಒರೆಸಿ ನೋಡಿ, ಎದುರುಬದುರು ಎರಡು ಗುಳಿ ಕಾಣುತ್ತವೆ. ಅವು ಇರುವುದೇ ತಿರುಗಿಸುವುದಕ್ಕೆ. ಇದಕ್ಕೆ ಬೇಕಾದ ಸಾಮಾನಿಗೆ ವೈಂಡ್ ಬ್ಯಾಕ್ ಟೂಲ್ ಅಂತಾರೆ. ಒಂದು ಸ್ಕ್ರೂ, ಅದರ ತುದಿಗೆ ಎರಡು ಮೊಳೆ ಇರುವ ಬಿಲ್ಲೆ, ಹಿಂದೆ ಆನಿಸಲು ಒಂದು ತಗಡು, ಇಷ್ಟೇ. ಆನ್‌ಲೈನಿನಲ್ಲಿ ಸಿಗುತ್ತದೆ, ಬೇರೆ ಬೇರೆ ಕಾರಿನ ಬಿಲ್ಲೆಗಳ ಜೊತೆ ಡಬ್ಬಿಯಲ್ಲಿ ಬರುತ್ತದೆ. ಹೊಸಪೇಟೆ ಅಥವಾ ಬಳ್ಳಾರಿಯಲ್ಲಿ ಪರಿಚಯದ ಗ್ಯಾರೇಜ್ ಇದ್ದರೆ ಒಂದು ದಿನದ ಮಟ್ಟಿಗೆ ಕೇಳಿ, ಕೊಡುತ್ತಾರೆ. ನಮ್ಮ ಕಡೆ ಕಲ್ಲು ಕೆಲಸದವರು ಜಾಸ್ತಿ, ಗ್ರೈಂಡರಿನ ಎರಡು ಮೊಳೆ ಕೀಲಿ ಮನೆಮನೆಗೂ ಇರುತ್ತದೆ, ಅದರಲ್ಲೇ ತಿರುಗಿಸುತ್ತೇನೆ ಅನ್ನುವವರೂ ಇದ್ದಾರೆ. ಕೆಲವು ಕಾರಿಗೆ ಅದು ನಡೆಯುತ್ತದೆ. ಲಾರಾದಂಥ ಕ್ಯಾಲಿಪರಿಗೆ ತಿರುಗಿಸುವಾಗ ಜೊತೆಗೇ ಗಟ್ಟಿಯಾಗಿ ಒತ್ತಲೂ ಬೇಕು, ಬರೀ ಕೀಲಿ ಹಿಡಿದು ತಿಣುಕಿದರೆ ಜಾರುತ್ತದೆ, ಜಾರಿದರೆ ಪಿಸ್ಟನ್ ಸುತ್ತ ಧೂಳು ತಡೆಯುವ ರಬ್ಬರ್ ಬೂಟು ಹರಿಯುತ್ತದೆ. ಬೂಟು ಹರಿದರೆ ಒಳಗೆ ನೀರು, ಧೂಳು, ಆಮೇಲೆ ತುಕ್ಕು. ಟೂಲ್ ಸಿಗುವವರೆಗೆ ಕಾಯಿರಿ.

ಅಂದಹಾಗೆ, ಗಾಡಿ ಈಗ ಬಿಚ್ಚಿದ ಸ್ಥಿತಿಯಲ್ಲೇ ಇದ್ದರೆ ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿ: ಬ್ರೇಕ್ ತುಳಿಯಬಾರದು. ಮನೆಯಲ್ಲಿ ಮಕ್ಕಳಿದ್ದರೆ ಡೋರ್ ಲಾಕ್ ಮಾಡಿ ಕೀಲಿ ಮನೆಯೊಳಗಿಡಿ. ಪ್ಯಾಡ್ ಇಲ್ಲದಾಗ ಯಾರಾದರೂ ಪೆಡಲ್ ತುಳಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ, ಆಮೇಲೆ ಅದು ಮನೆಯಲ್ಲಿ ಮುಗಿಯುವ ಕೆಲಸವಲ್ಲ.

ಈಗ ನಿಮ್ಮ ಪತ್ರದಲ್ಲಿರುವ ಮುಖ್ಯ ಮಾತಿಗೆ ಬರೋಣ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಒಳಗಡೆಯ ಪ್ಯಾಡ್ ಪೂರ್ತಿ ಸವೆದಿದೆ, ಹೊರಗಡೆಯದು ಅರ್ಧ ಇದೆ ಅಂದಿರಲ್ಲ, ಅದು ಸಹಜವಾದ ಸವೆತ ಅಲ್ಲ. ಹಾಗೇ ಹೊಸ ಪ್ಯಾಡ್ ಹಾಕಿದರೆ ಅದೂ ಇದೇ ರೀತಿ ಸವೆದು ಬೇಗನೆ ಮತ್ತೆ ಗರಗರ ಶುರುವಾಗುತ್ತದೆ.

ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಕಡೆ, ಒಳಗಡೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಈಚೆಗೆ ಬಂದು, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆ ಪಿನ್‌ಗೆ ಸ್ಲೈಡ್ ಪಿನ್ ಅಂತಾರೆ. ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ. ಒಳಗಿನ ಪ್ಯಾಡೊಂದೇ ದುಡಿಯುತ್ತದೆ, ಪೆಡಲ್ ಬಿಟ್ಟರೂ ಡಿಸ್ಕಿಗೆ ಉಜ್ಜುತ್ತಾ ಇರುತ್ತದೆ. ನಿಮ್ಮದರಲ್ಲಿ ಆಗಿರುವುದು ಹೆಚ್ಚುಕಡಿಮೆ ಇದೇ. ಪ್ಯಾಡ್ ಹಾಕೋದು ಹತ್ತು ನಿಮಿಷದ ಮಾತು. ಆ ಪಿನ್ ಓಡಾಡುವಂತೆ ಮಾಡುವುದೇ ಇಲ್ಲಿ ನಿಜವಾದ ಕೆಲಸ, ಎಷ್ಟೋ ಗ್ಯಾರೇಜಿನಲ್ಲಿ ಬಿಟ್ಟುಬಿಡುವುದೂ ಅದನ್ನೇ.

ಬಿಚ್ಚುವ ಕ್ರಮಕ್ಕೆ ಬರ್ತೀನಿ. ನೀವು ಬಲಗಡೆ ಆಗಲೇ ಬಿಚ್ಚಿದ್ದೀರಿ, ಎಡಗಡೆಯೂ ಬಿಚ್ಚಬೇಕು, ಎರಡೂ ಕಡೆ ಪ್ಯಾಡ್ ಬದಲಿಸಲೇಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಿದ್ದರೆ ಎರಡು ಗಾಲಿ ಒಂದೇ ರೀತಿ ಹಿಡಿಯುವುದಿಲ್ಲ, ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂಭಾಗ ಒಂದು ಕಡೆ ಎಳೆಯುತ್ತದೆ. ಪ್ಯಾಡ್ ಸೆಟ್ ನಾಲ್ಕಾಗಿ ಬರುವುದೂ ಇದಕ್ಕೇ. ಆದರೆ ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದು. ಕ್ಲಿಪ್ ಯಾವ ಕಡೆ ಇತ್ತು ಅಂತ ಗೊಂದಲವಾದರೆ ಆ ಕಡೆ ಹೋಗಿ ನೋಡಿ ಬರಬಹುದು.

ಹಿಂದಿನ ಬ್ರೇಕ್ ಕೆಲಸದಲ್ಲಿ ಒಂದು ತೊಡಕು ಇದೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿರಬೇಕು, ಎಳೆದಿದ್ದರೆ ಪಿಸ್ಟನ್ ತಿರುಗುವುದಿಲ್ಲ. ಅಂದರೆ ಗಾಡಿ ನಿಲ್ಲಿಸಲು ಹ್ಯಾಂಡ್ ಬ್ರೇಕ್ ಇಲ್ಲ, ಹಿಂದಿನ ಗಾಲಿ ಗಾಳಿಯಲ್ಲಿ. ಲಾರಾ ಮುಂದಿನ ಗಾಲಿಯಿಂದ ಓಡುವ ಗಾಡಿ, ಹಾಗಾಗಿ ಫಸ್ಟ್ ಗೇರಿನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಿ ನಲ್ಲಿ. ಅಷ್ಟಕ್ಕೇ ಬಿಡದೆ ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ದಪ್ಪ ಮರದ ತುಂಡೋ ಸೈಜುಗಲ್ಲೋ ಒತ್ತಿ ಇಡಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಹತ್ತಿರ ತಲೆ, ಕಾಲು ಹಾಕಬೇಡಿ. ಸ್ಟ್ಯಾಂಡ್ ಬೇಕೇ ಬೇಕು. ಹಾಲೊ ಬ್ಲಾಕ್, ಇಟ್ಟಿಗೆ ಜೋಡಿಸಿ ಗಾಡಿ ಕೂರಿಸುವುದನ್ನು ನೋಡಿದ್ದೇನೆ. ಅವು ಮುನ್ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ. ಅಂಗಳದಲ್ಲಿ ಕಡಪಾ ಕಲ್ಲು ಹಾಸಿದ್ದರೆ ಜಾಕಿನ ಕೆಳಗೆ ಹಲಗೆ ಇಡಿ, ಇಲ್ಲಾಂದ್ರೆ ಕಲ್ಲು ಸೀಳುತ್ತದೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಜಾಕ್ ನಿಲ್ಲಿಸಬೇಡಿ. ನಮ್ಮ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಹೂತು ಹೋಗುತ್ತದೆ. ಬಿಚ್ಚಿದ ಗಾಲಿಯನ್ನು ಸಿಲ್ ಕೆಳಗೆ, ಅಂದರೆ ಬಾಗಿಲ ಕೆಳಗಿನ ಅಂಚಿನಡಿ, ತೂರಿಸಿಡಿ, ಏನಾದರೂ ಜಾರಿದರೆ ಅದರ ಮೇಲೆ ಬೀಳಲಿ.

ಗಾಲಿ ಬೋಲ್ಟ್ 17ರ ಸಾಕೆಟ್. ಗಾಡಿ ಎತ್ತುವ ಮೊದಲೇ ಸಡಿಲ ಮಾಡಿ, ಪಂಕ್ಚರ್ ಅಂಗಡಿಯವರು ಏರ್ ಗನ್ನಿನಲ್ಲಿ ಬಿಗಿದಿದ್ದರೆ ಉದ್ದ ಹಿಡಿಯ ಪಾನಾ ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ. ಒಂದು ಬೋಲ್ಟ್ ಕಳ್ಳತನ ತಡೆಯುವ ಬೇರೆ ಆಕಾರದ್ದಾಗಿದ್ದು, ಅದರ ಅಡಾಪ್ಟರ್ ಹಳೇ ಮಾಲೀಕರ ಮನೆಯಲ್ಲೇ ಉಳಿದಿರುತ್ತದೆ ಎಷ್ಟೋ ಸಲ.

ಕ್ಯಾಲಿಪರ್ ಹಿಡಿದಿರುವುದು ಎರಡು ಬೋಲ್ಟ್, ತಲೆ 13. ಬೋಲ್ಟ್ ತಿರುಗಿಸಿದರೆ ಪಿನ್ನೂ ಜೊತೆಗೆ ತಿರುಗುತ್ತದೆ, ಅದಕ್ಕೆ 15ರ ತೆಳು ಪಾನಾ ಹಾಕಿ ಪಿನ್ ಹಿಡಿದುಕೊಳ್ಳಬೇಕು. ಈ ಬೋಲ್ಟುಗಳು ತಾವಾಗಿ ಸಡಿಲವಾಗದಂತೆ ಅಂಟು ಹಚ್ಚಿ ಬಂದಿರುತ್ತವೆ, ಒಮ್ಮೆ ತೆಗೆದರೆ ಹೊಸದು ಹಾಕಬೇಕು. ಒಳ್ಳೆಯ ಪ್ಯಾಡ್ ಸೆಟ್ಟಿನಲ್ಲಿ ಅವು ಜೊತೆಗೇ ಬರುತ್ತವೆ, ಡಬ್ಬಿ ತಳ ಒಮ್ಮೆ ನೋಡಿ. ಡಿಸ್ಕ್ ಬದಲಿಸುವುದಿಲ್ಲ ಅಂದರೆ ಕ್ಯಾಲಿಪರ್ ಮತ್ತು ಪ್ಯಾಡ್ ಕೂರುವ ಹಿಂದಿನ ಬ್ರಾಕೆಟ್ ಬಿಚ್ಚುವ ಅಗತ್ಯ ಇಲ್ಲ.

ಕ್ಯಾಲಿಪರ್ ಹೊರಗೆ ಬಂದ ಮೇಲೆ ಆಯಿಲ್ ಪೈಪಿಗೆ ನೇತುಬಿಡಬೇಡಿ. ಕಂಬಿ ಕಟ್ಟುವ ಬೈಂಡಿಂಗ್ ವೈರ್ ಒಂದು ಮೊಳ ತೆಗೆದುಕೊಂಡು ಮೇಲಿನ ಸ್ಪ್ರಿಂಗಿಗೆ ಕಟ್ಟಿ. ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಭಾರಕ್ಕೆ ಒಳಗೆ ಬಿರಿಯಬಹುದು.

ಇನ್ನು ಧೂಳು. ಏರ್ ಹೊಡೆದು ಸ್ವಚ್ಛ ಮಾಡಬೇಡಿ. ಹಳೇ ಗಾಡಿಗೆ ಯಾರು ಯಾವ ಪ್ಯಾಡ್ ಹಾಕಿದ್ದರೋ ನಮಗೆ ತಿಳಿಯುವುದಿಲ್ಲ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೂ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಇಲ್ಲವೇ ಸೋಪಿನ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಮಾಸ್ಕ್ ಇರಲಿ. ಪೆಟ್ರೋಲ್ ಬೇಡ, ರಬ್ಬರಿಗೂ ಒಳ್ಳೆಯದಲ್ಲ, ಬೆಂಕಿಯ ಭಯ ಬೇರೆ.

ಈಗ ಪಿನ್. ರಬ್ಬರ್ ಬೂಟಿನ ಒಳಗಿನಿಂದ ಪಿನ್ ಕೈಯಲ್ಲೇ ಎಳೆಯಿರಿ. ಸರಿ ಇರುವ ಪಿನ್ ಪುಸಕ್ಕನೆ ಗಾಳಿ ಬಿಟ್ಟು ಈಚೆ ಬರುತ್ತದೆ, ಮತ್ತೆ ಒಳಗೆ ತಳ್ಳಿದರೆ ಮೆತ್ತಗೆ ಹೋಗುತ್ತದೆ. ನಿಮ್ಮ ಬಲಗಡೆಯದರಲ್ಲಿ ಒಂದು ಪಿನ್ ಬರಲಿಕ್ಕೇ ಒಪ್ಪುವುದಿಲ್ಲ ಅಂತ ನನ್ನ ಊಹೆ. ಬರದಿದ್ದರೆ ಪಾನಾ ಹಾಕಿ ಬಲಕ್ಕೆ ಎಡಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೊರಗೆ ಎಳೆಯಿರಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೂ ಆಮೇಲೆ ಅದನ್ನು ಪೂರ್ತಿ ತೊಳೆದು ತೆಗೆಯಬೇಕು.

ಹೊರಗೆ ಬಂದ ಪಿನ್ ಬೆಳಕಿಗೆ ಹಿಡಿದು ನೋಡಿ. ಗಂಗಾವತಿ ಕಡೆ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಬೂಟಿನ ತುದಿ ಕೂರುವ ಜಾಗದಲ್ಲಿ ಒಂದು ಕಂದು ಉಂಗುರ, ಅಲ್ಲಿಂದ ಒಳಕ್ಕೆ ಒಣಗಿ ಗಟ್ಟಿಯಾದ ಗ್ರೀಸು, ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಬೀಳುತ್ತದೆ. ಕಾಲುವೆ ಪಕ್ಕದ ರಸ್ತೆ, ಗದ್ದೆ ಕೆಸರು, ಆ ನೀರು ಬೂಟಿನ ಬಿರುಕಿನಲ್ಲಿ ಇಳಿದಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯದ್ದೇ ಬೇರೆ ಕಥೆ. ಅಲ್ಲಿ ಅದಿರಿನ ಕೆಂಪು ಧೂಳು ಗ್ರೀಸಿನ ಜೊತೆ ಕಲೆತು ಪೇಸ್ಟಾಗಿ, ಪಿನ್ನನ್ನು ಪಾಲಿಶ್ ಹಾಕಿದಂತೆ ಸವೆಸಿರುತ್ತದೆ. ಚಿನ್ನ ಬೆಳ್ಳಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಅದೇ ಕಬ್ಬಿಣದ ಆಕ್ಸೈಡು ತಾನೇ.

ಪಿನ್ನನ್ನು ಬಟ್ಟೆಯಲ್ಲಿ ಒರೆಸಿ. ಮೇಲ್ಮೈ ತುಕ್ಕಾದರೆ ತೀರಾ ನಯವಾದ ಪಾಲಿಶ್ ಪೇಪರಿನಲ್ಲಿ ಎರಡು ಕೈ ಹಾಕಬಹುದು. ಉಗುರಿಗೆ ಗುಂಡಿ ಸಿಕ್ಕುತ್ತಿದ್ದರೆ ಆ ಪಿನ್ ಬೇಡ, ಪಿನ್ ಮತ್ತು ಬೂಟಿನ ಕಿಟ್ ಬೇರೆಯೇ ಸಿಗುತ್ತದೆ, ಹೊಸದು ಹಾಕಿ. ತೂತಿನ ಒಳಗೂ ಬಟ್ಟೆ ತೂರಿಸಿ ಹಳೇ ಗ್ರೀಸ್ ಪೂರ್ತಿ ತೆಗೆಯಿರಿ. ಮೇಲಿನ ಪಿನ್, ಕೆಳಗಿನ ಪಿನ್ ಅದಲು ಬದಲು ಆಗದಂತೆ ನೋಡಿಕೊಳ್ಳಿ.

ಹಚ್ಚಬೇಕಾದ್ದು ಬ್ರೇಕಿಗಾಗಿ ಮಾಡಿದ ಸಿಲಿಕೋನ್ ಗ್ರೀಸ್. ಬೇರಿಂಗಿಗೆ, ಟ್ರಾಕ್ಟರಿನ ನಿಪ್ಪಲಿಗೆ ಹಾಕುವ ಹಳದಿ ಗ್ರೀಸು ಇದಕ್ಕೆ ಬೇಡವೇ ಬೇಡ. ಅದು ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ್ದು, ಬ್ರೇಕಿನ ರಬ್ಬರಿಗೆ ತಗುಲಿದರೆ ರಬ್ಬರ್ ಊದಿಕೊಳ್ಳುತ್ತದೆ. ಊದಿದ ಬೂಟು ಪಿನ್ನನ್ನು ಹಿಡಿದುಕೊಳ್ಳುತ್ತದೆ. ಅಂದರೆ ಯಾವ ರೋಗಕ್ಕೆ ಔಷಧಿ ಹಚ್ಚಿದಿರೋ ಅದೇ ರೋಗ ವಾಪಸ್. ನಿಮ್ಮ ಗಾಡಿಗೆ ಹಿಂದೆ ಯಾರೋ ಹೀಗೆ ಮಾಡಿದ್ದರೆ ಆಶ್ಚರ್ಯವಿಲ್ಲ. ಸಿಲಿಕೋನ್ ಗ್ರೀಸ್ ಕೂಡ ತೆಳುವಾಗಿ ಸಾಕು. ತುಂಬಿಸಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ತಾನೇ ಹೊರಗೆ ದೂಡಿಕೊಳ್ಳುತ್ತದೆ.

ಪಿನ್ ಎರಡೂ ಸಲೀಸಾಗಿದ್ದು ಒಳಗಿನ ಪ್ಯಾಡೇ ಸವೆದಿತ್ತು ಅಂದರೆ ಆಗ ಅನುಮಾನ ಬೇರೆ ಕಡೆಗೆ. ಕ್ಯಾಲಿಪರ್ ಹಿಂದೆ ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಿಸಿದ ಪುಟ್ಟ ಲಿವರ್ ಇದೆ. ಹ್ಯಾಂಡ್ ಬ್ರೇಕ್ ಇಳಿಸಿದಾಗ ಅದು ಪೂರ್ತಿ ಹಿಂದೆ ಹೋಗಿ ತನ್ನ ಸ್ಟಾಪರಿಗೆ ತಾಗಬೇಕು. ತಾಗದೆ ನಡುವೆ ನಿಂತಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಅಥವಾ ಲಿವರಿನ ಬುಡವೇ ಹಿಡಿದುಕೊಂಡಿದೆ. ಕೇಬಲ್ ಕಳಚಿ ಲಿವರನ್ನು ಕೈಯಲ್ಲಿ ಆಡಿಸಿ, ಯಾವುದು ಅಂತ ಗೊತ್ತಾಗುತ್ತದೆ. ಮೊದಲಿನದಾದರೆ ಕೇಬಲ್ ಬದಲಿಸಿ, ಎರಡನೆಯದಾದರೆ ಕ್ಯಾಲಿಪರ್.

ಪಿಸ್ಟನ್ ಒಳಗೆ ಕಳಿಸುವ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಾಗ ಆಯಿಲ್ ಮಟ್ಟ ಇಳಿಯುತ್ತದೆ, ಸರ್ವಿಸಿನಲ್ಲಿ ಯಾರೋ ಮ್ಯಾಕ್ಸ್ ಗೆರೆಯವರೆಗೆ ಸುರಿದಿರುತ್ತಾರೆ. ಈಗ ಪಿಸ್ಟನ್ ಹಿಂದೆ ಹೋದಾಗ ಆ ಆಯಿಲ್ ಉಕ್ಕಿ ಹೊರಗೆ ಚೆಲ್ಲುತ್ತದೆ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಹೊಸ ಸಿರಿಂಜಿನಲ್ಲಿ ಸ್ವಲ್ಪ ಎಳೆದು ತೆಗೆಯಿರಿ. ಎಲ್ಲಾದರೂ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಟೂಲಿನ ಮೊಳೆಗಳು ಪಿಸ್ಟನ್ ಗುಳಿಗೆ ಸರಿಯಾಗಿ ಕೂತ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ. ಲಾರಾದಲ್ಲಿ ಎರಡೂ ಕಡೆ ಅದೇ ದಿಕ್ಕು. ಬೇರೆ ಕೆಲವು ಕಾರುಗಳಲ್ಲಿ ಒಂದು ಕಡೆಯದು ಉಲ್ಟಾ ಇರುತ್ತದೆ, ಅಂಥ ಕಾರಿನವರು ಮೊದಲು ವಿಚಾರಿಸಿಕೊಳ್ಳಿ. ನಿಧಾನ. ಅವಸರದಲ್ಲಿ ತಿರುಗಿಸಿದರೆ ರಬ್ಬರ್ ಬೂಟು ಪಿಸ್ಟನ್ ಜೊತೆ ಮುರುಟಿಕೊಳ್ಳುತ್ತದೆ, ಆಗ ನಿಲ್ಲಿಸಿ ಬೆರಳಲ್ಲಿ ಬಿಡಿಸಿ, ಬೂಟಿಗೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿ ಮುಂದುವರಿಸಿ. ಹೊಸ ಪ್ಯಾಡ್ ಕೂರುವಷ್ಟು ಜಾಗ ಆದರೆ ಸಾಕು. ಪಿಸ್ಟನ್ ಸುತ್ತ ಒದ್ದೆ ಕಂಡರೆ, ಅಂದರೆ ಆಯಿಲ್ ಜಿನುಗುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. ಕ್ಯಾಲಿಪರ್ ಸೀಲ್ ಹೋಗಿದೆ, ಅದು ಗ್ಯಾರೇಜಿನ ಕೆಲಸ.

ಡಿಸ್ಕ್ ಮೇಲೂ ಕಣ್ಣಾಡಿಸಿ. ನಿಮ್ಮದರಲ್ಲಿ ತಗಡು ಡಿಸ್ಕಿಗೆ ಉಜ್ಜಿದೆ ಅಂತ ಆ ಗರಗರ ಶಬ್ದವೇ ಹೇಳುತ್ತಿದೆ. ಒಳಮೈ ನೋಡಬೇಕು, ಹೊರಮೈ ಚೆನ್ನಾಗಿಯೇ ಕಾಣುತ್ತದೆ. ಗೀರುಗಳಲ್ಲಿ ಉಗುರು ಸಿಕ್ಕಿ ನಿಲ್ಲುವಷ್ಟು ಆಳ ಇದ್ದರೆ ಡಿಸ್ಕ್ ಬದಲಿಸಿ. ಎಷ್ಟು ತೆಳುವಾಗುವವರೆಗೆ ನಡೆಯುತ್ತದೆ ಅಂತ ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಬದಲಿಸುವುದಾದರೆ ಇದೂ ಜೋಡಿಯಾಗಿಯೇ. ಅದಕ್ಕೆ ಬ್ರಾಕೆಟ್ ಬೋಲ್ಟ್ ಬಿಚ್ಚಬೇಕು, ಅವಕ್ಕೆ 14ರ ಹನ್ನೆರಡು ಮೂಲೆಯ ಬಿಟ್ ಬೇಕು, ಆಲನ್ ಕೀಲಿ ತೂರಿಸಿದರೆ ಬೋಲ್ಟಿನ ತಲೆ ಹೋಗುತ್ತದೆ.

ಜೋಡಿಸುವುದು ಸುಲಭ. ಬ್ರಾಕೆಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದ ಹಳೇ ಕ್ಲಿಪ್ ತೆಗೆದು, ಕೆಳಗಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಹೊಸ ಕ್ಲಿಪ್ ಹಾಕಿ. ತುಕ್ಕು ಬಿಟ್ಟು ಕ್ಲಿಪ್ ಕೂರಿಸಿದರೆ ಕ್ಲಿಪ್ ಎದ್ದು ನಿಂತು ಪ್ಯಾಡ್ ಬಿಗಿಯಾಗುತ್ತದೆ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು, ಸುತ್ತಿಗೆಯಲ್ಲಿ ಬಡಿದು ಕೂರಿಸುವಂತಿದ್ದರೆ ಏನೋ ತಪ್ಪಾಗಿದೆ. ಕೆಲವು ಪ್ಯಾಡಿನ ಬೆನ್ನಿಗೆ ಅಂಟು ಇರುತ್ತದೆ, ಮೇಲಿನ ಹಾಳೆ ಸುಲಿದು ಹಾಕಿ. ಶಬ್ದ ಬರದಂತೆ ಹಚ್ಚುವ ಪೇಸ್ಟ್ ಕಿವಿಗೆ ಮಾತ್ರ, ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಗ್ರೀಸ್ ಕೈಯಲ್ಲಿ ಹೊಸ ಪ್ಯಾಡ್ ಮುಟ್ಟಬೇಡಿ. ಕ್ಯಾಲಿಪರ್ ಬೋಲ್ಟ್ 35 ನ್ಯೂಟನ್ ಮೀಟರ್, ಗಾಲಿ ಬೋಲ್ಟ್ 120. ಟಾರ್ಕ್ ಪಾನಾ ಇಲ್ಲದಿದ್ದರೆ ಬಾಡಿಗೆಗೆ ತನ್ನಿ, ಕ್ಯಾಲಿಪರಿನ ಸಣ್ಣ ಬೋಲ್ಟನ್ನು ಗಾಲಿ ಬೋಲ್ಟಿನ ಹಾಗೆ ಬಿಗಿದರೆ ಮುರಿಯುತ್ತದೆ.

ಈಗ ಇಡೀ ಕೆಲಸದಲ್ಲಿ ಮರೆಯಲೇಬಾರದ್ದು. ಎರಡೂ ಕಡೆ ಜೋಡಿಸಿದ ಮೇಲೆ, ಗಾಡಿ ಒಂದಿಂಚು ಅಲುಗಿಸುವ ಮೊದಲು, ಬ್ರೇಕ್ ಪೆಡಲ್ ತುಳಿಯಿರಿ. ಮೊದಲ ಸಲ ನೆಲಕ್ಕೆ ಹೋಗುತ್ತದೆ, ಹೆದರಬೇಡಿ, ಪಿಸ್ಟನ್ ಹಿಂದೆ ಹೋಗಿದೆ ಅಷ್ಟೇ. ಗಟ್ಟಿಯಾಗುವವರೆಗೆ ನಿಧಾನವಾಗಿ ತುಳಿಯುತ್ತಾ ಇರಿ. ಇದನ್ನು ಮರೆತು ಗೇಟಿನಿಂದ ರಿವರ್ಸ್ ತೆಗೆದವರ ಗಾಡಿ ಎದುರು ಮನೆ ಕಾಂಪೌಂಡಿಗೆ ಹೋಗಿ ನಿಂತಿರುತ್ತದೆ. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿ, ಒಳಗಿನ ಅಡ್ಜಸ್ಟರ್ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಹಿಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ. ಸಣ್ಣಗೆ ಸವರುವ ಶಬ್ದ ಬಂದರೆ ಪರವಾಗಿಲ್ಲ, ತಿರುಗಿಸಲು ತಿಣುಕಬೇಕಾದರೆ ಸರಿಯಿಲ್ಲ. ಹ್ಯಾಂಡ್ ಬ್ರೇಕ್ ಎಳೆದಾಗ ಎಡಗಾಲಿ ಹಿಡಿದು ಬಲಗಾಲಿ ತಿರುಗುತ್ತಲೇ ಇದ್ದರೆ ಮೇಲೆ ಹೇಳಿದ ಅಡ್ಜಸ್ಟರ್ ಕ್ಲಾಂಪಿನ ಒತ್ತಡಕ್ಕೆ ಹೋಗಿದೆ ಅಂತ ಲೆಕ್ಕ, ಆ ಕ್ಯಾಲಿಪರ್ ಬದಲಿಸಬೇಕಾಗುತ್ತದೆ.

ಆಯಿಲ್ ಕಡಿಮೆ ಕಂಡರೆ ಹೊಸ ಸೀಲ್ ಡಬ್ಬಿಯ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ. ವರ್ಷದಿಂದ ತೆರೆದಿಟ್ಟ ಡಬ್ಬಿ ಬೇಡ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ್ದು 155ರ ಹತ್ತಿರವೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಮೆತ್ತಗೆ. ನಿಮ್ಮ ಗಾಡಿಯಲ್ಲಿ ಕೊನೆಯ ಸಲ ಆಯಿಲ್ ಯಾವಾಗ ಬದಲಾಯಿತು ಅಂತ ಗೊತ್ತಿಲ್ಲದಿದ್ದರೆ ಒಮ್ಮೆ ಪೂರ್ತಿ ಬದಲಿಸಿಬಿಡಿ, ಎರಡು ವರ್ಷಕ್ಕೊಮ್ಮೆ ಆಗಬೇಕಾದ ಕೆಲಸ ಅದು.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ಕನಕಗಿರಿ ಕಡೆಗೋ ಎಲ್ಲಿಗೋ ಹೋಗಿ ಅರವತ್ತರ ವೇಗದಿಂದ ಇಪ್ಪತ್ತಕ್ಕೆ ಮೆತ್ತಗೆ ಇಳಿಸಿ, ಸ್ವಲ್ಪ ಓಡಿಸಿ ತಣಿಯಲು ಬಿಟ್ಟು, ಮತ್ತೆ ಇಳಿಸಿ. ಹತ್ತು ಸಲ ಸಾಕು. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ, ಬಿಸಿ ಪ್ಯಾಡ್ ಒಂದೇ ಕಡೆ ಅಂಟಿ ಡಿಸ್ಕ್ ಮೇಲೆ ಮಚ್ಚೆ ಬೀಳುತ್ತದೆ. ಸುಗ್ಗಿಯಲ್ಲಿ ನಿಮ್ಮ ಕಡೆ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಅಂಥ ಕಡೆ ಈ ಪರೀಕ್ಷೆ ಬೇಡ. ಮನೆಗೆ ಬಂದ ಮೇಲೆ ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಹಿಂದಿನ ಎರಡರಲ್ಲಿ ಒಂದರ ಕಾವು ಜಾಸ್ತಿ ಅನ್ನಿಸಿದರೆ ಆ ಕಡೆ ಇನ್ನೂ ಏನೋ ಹಿಡಿಯುತ್ತಿದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡಿಸ್ಕೇ ಇಲ್ಲ, ಡ್ರಮ್ ಇರುತ್ತದೆ, ಒಳಗೆ ಇರುವುದು ಶೂ. ಅದರ ಕೆಲಸವೇ ಬೇರೆ. ಇನ್ನು ಗುಂಡಿ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುವ ಹೊಸ ಗಾಡಿ ನಿಮ್ಮದಾಗಿದ್ದರೆ ಕ್ಯಾಲಿಪರ್ ಹಿಂದೆ ಮೋಟಾರ್ ಇದೆ. ಸ್ಕ್ಯಾನರ್ ಹಾಕಿ ಅಥವಾ ಮ್ಯಾನ್ಯುಯಲ್‌ನಲ್ಲಿ ಹೇಳಿದ ಕ್ರಮದಲ್ಲಿ ಸರ್ವಿಸ್ ಮೋಡಿಗೆ ತಂದ ಮೇಲೇ ಪಿಸ್ಟನ್ ಮುಟ್ಟಬೇಕು. ಅದು ಗೊತ್ತಿಲ್ಲದಿದ್ದರೆ ಬಿಚ್ಚಲೇಬೇಡಿ, ಮೋಟಾರಿನ ಗೇರ್ ಮುರಿದರೆ ಪ್ಯಾಡಿನ ಹತ್ತುಪಟ್ಟು ದುಡ್ಡು ದಂಡ.

ಕೊನೆಗೆ ಮದುವೆ ವಿಷಯ. ಹಳೇ ಪ್ಯಾಡ್ ಹಾಕ್ಕೊಂಡು ರಾಯಚೂರಿಗೆ ಹೋಗಬೇಡಿ. ತಗಡು ಡಿಸ್ಕಿಗೆ ಉಜ್ಜುತ್ತಿರುವ ಗಾಲಿಯಲ್ಲಿ ಬ್ರೇಕ್ ಇದೆ ಅಂತ ನಂಬುವ ಹಾಗಿಲ್ಲ, ಡಿಸ್ಕ್ ಇನ್ನೂ ಉಳಿಯುವಂತಿದ್ದರೂ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಕೆಡುತ್ತದೆ. ಪ್ಯಾಡ್ ಇಲ್ಲದ ತಗಡು ಪಕ್ಕಕ್ಕೆ ಜಾರಿದರೆ ಪಿಸ್ಟನ್ನೂ ಜೊತೆಗೆ ಹೊರಗೆ ಬರಬಹುದು. ಸಿಂಧನೂರು ಮೇಲೆ ಬಸ್ಸುಗಳಿಗೇನೂ ಬರ ಇಲ್ಲ, ಬಸ್ಸಿನಲ್ಲಿ ಹೋಗಿ ಬನ್ನಿ. ಟೂಲ್ ಶನಿವಾರದೊಳಗೆ ಸಿಕ್ಕು, ಪಿನ್ ಸಲೀಸಾಗಿ, ಡಿಸ್ಕೂ ಸರಿ ಇದ್ದರೆ ಭಾನುವಾರ ಗಾಡಿ ತೆಗೆಯಬಹುದು. ಆದರೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮುಂದಿನ ಲಾರಿಗೆ ಅಂಟಿಕೊಂಡು ಓಡಿಸಬೇಡಿ, ರಾಯಚೂರು ತಲುಪಿದ ಮೇಲೆ ಗಾಡಿ ತಣ್ಣಗಾದಾಗ ಗಾಲಿ ಬೋಲ್ಟ್ ಮತ್ತೊಮ್ಮೆ ಪಾನಾ ಹಾಕಿ ನೋಡಿ.